ಬನವಾದ ಹೂದೋಟ

ಬಾದಾಮಿಯಿಂದ ಸುಮಾರು 5 ಕಿಲೋಮೀಟರು ದೂರದಲ್ಲಿ, ಚೊಳಚಗುಡ್ಡದ ಬಳಿ, ಬನಶಂಕರಿಯ ದೇವಾಲಯವಿದೆ. ‘ಬನ’ವೆಂದರೆ ವನ, ಬನದಲ್ಲಿ ನೆಲೆಸಿದವಳು ಬನಶಂಕರಿ. ಬರಗಾಲದಲ್ಲಿ ಕಾಯಿಪಲ್ಯಗಳನ್ನಿತ್ತು ಜನರನ್ನು ಸಲಹಿದಳೆಂಬ ನಂಬಿಕೆಯಿಂದ ಆಕೆಗೆ ಶಾಕಂಭರಿ ಎಂಬ ಹೆಸರೂ ಉಂಟು. ಪುಷ್ಯಮಾಸದ ಹುಣ್ಣಿಮೆಗೆ ಈ ನಾಡಿನಲ್ಲಿ ‘ಬನದ ಹುಣ್ಣಿಮೆ’ ಎಂದು ಹೆಸರು. ಅಂದು ದೇವಿಯ ರಥೋತ್ಸವ ನಡೆಯುತ್ತದೆ. ದುಡಿಮೆಯನ್ನರಸಿ ಗೋವೆಗೋ ಮಂಗಳೂರಿಗೋ ಗುಳೆ ಹೋದ ಕುಟುಂಬಗಳು ಈ ಜಾತ್ರೆಯ ವೇಳೆಗೆ ಊರಿಗೆ ಮರಳುವುದುಂಟು.

ಬಹುಕಾಲ ಮುಚ್ಚಿದ್ದ ಮನೆಯ ಬಾಗಿಲನ್ನು ತೆರೆದವರಿಗೆ ಹಿತ್ತಲಿನ ಹೂದೋಟವು ಗುರುತೇ ಸಿಗದಂತಾಗಿರುತ್ತದೆ. ಮುಂಗಾರು ಹಿಂಗಾರುಗಳ ನೀರನ್ನು ಕುಡಿದು ಆಳೆತ್ತರ ಬೆಳೆದ ಕಸವು ಈಗ ಒಣಗಿ ನಿಂತಿರುತ್ತದೆ. ಮಡಿ ಯಾವುದು, ಕಾಲುದಾರಿ ಯಾವುದು ಎಂಬುದು ತಿಳಿಯದು. ಕುಡುಗೋಲು ಹಿಡಿದು ಎಲ್ಲವನ್ನೂ ಸವರಿಬಿಡಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಆ ಕಸದ ನಡುವೆಯೇ ಮನೆಯ ಹಿರಿಯಳೊಬ್ಬಳು ಎಂದೋ ನೆಟ್ಟ ಮಲ್ಲಿಗೆಯೂ ಇರಬಹುದು. ಆಕೆ ಈಗ ಇಲ್ಲದಿದ್ದರೆ, ಅದು ಇಂಥ ಕಡೆ ಇತ್ತೆಂದು ಹೇಳುವವರೂ ಇರುವುದಿಲ್ಲ. ಆದುದರಿಂದ ಕಡಿಯುವುದಕ್ಕೆ ಮುಂಚೆ ಗುರುತಿಸಬೇಕು.

ಗುರುತಿಸಲು ಒಳಹೊಕ್ಕಾಗ ಎಚ್ಚರಿಕೆಯೂ ಅವಶ್ಯಕ. ಹಾವುಗಳು ಇಂಥ ಪೊದೆಗಳಲ್ಲಿ ಆಶ್ರಯ ಪಡೆಯುತ್ತವೆ. ಉದ್ದನೆಯ ಕೋಲಿನಿಂದ ಬಡಿದು ಸದ್ದು ಮಾಡದೆ ಪೊದೆಯೊಳಗೆ ಕೈಯಿಡಬಾರದು. ಉಳಿಯಬೇಕಾದ ಪ್ರತಿಯೊಂದು ಗಿಡಕ್ಕೂ ಬಣ್ಣದ ಬಟ್ಟೆಯ ಚೂರೊಂದನ್ನು ಕಟ್ಟಿದರೆ ಮುಂದಿನ ಕೆಲಸ ಸುಲಭವಾಗುತ್ತದೆ.

ಸತ್ತಂತೆ ತೋರುವ ಗಿಡವೆಲ್ಲ ಸತ್ತಿರುವುದಿಲ್ಲ. ಕಾಂಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಬೇಕು. ಒಳಗೆ ಹಸಿರು ಕಂಡರೆ ಅಲ್ಲಿ ಜೀವವಿದೆ. ಕಂದು ಬಣ್ಣವಿದ್ದು, ಕೊಂಬೆ ಚಟ್ಟನೆ ಮುರಿದರೆ, ಇನ್ನೂ ಕೆಳಗೆ, ಬುಡದ ಹತ್ತಿರ ಪರೀಕ್ಷಿಸಬೇಕು. ಮಲ್ಲಿಗೆಯು ಹೊಸ ಚಿಗುರಿನಲ್ಲಿ ಹೂಬಿಡುವ ಗಿಡ. ಈ ಚಳಿಗಾಲದಲ್ಲಿ ಅದನ್ನು ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಸವರಿ, ಬುಡಕ್ಕೆ ಗೊಬ್ಬರ ಹಾಕಿ ನೀರುಣಿಸಿದರೆ ಬೇಸಿಗೆಯಲ್ಲಿ ಮೊಗ್ಗು ಕಾಣುತ್ತದೆ. ಕಸಿ ಮಾಡಿದ ಗುಲಾಬಿಯ ಸಂಗತಿ ಬೇರೆ. ಆರೈಕೆಯಿಲ್ಲದಾಗ ಕಸಿಯ ಕೆಳಗಿನ ಕಾಡುಗುಲಾಬಿಯೇ ಚಿಗುರಿ ಮೇಲಿನ ಒಳ್ಳೆಯ ತಳಿಯನ್ನು ಸೊರಗಿಸುತ್ತದೆ. ಅಂಥ ಚಿಗುರನ್ನು ತುದಿಯಲ್ಲಿ ಕತ್ತರಿಸಿದರೆ ಸಾಲದು. ಅದು ಹುಟ್ಟಿದ ಸ್ಥಳದಿಂದಲೇ ಕೀಳಬೇಕು.

ಇನ್ನು ಕಸದ ವಿಚಾರ. ಹಿತ್ತಲುಗಳನ್ನು ಆಕ್ರಮಿಸುವ ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡವು ಅಮೆರಿಕ ಖಂಡದಿಂದ ಬಂದುದು. ನಮ್ಮ ದೇಶದಲ್ಲಿ ಅದರ ಹಾವಳಿ 1955ರ ಸುಮಾರಿಗೆ ಪುಣೆಯಲ್ಲಿ ಕಂಡುಬಂದಿತು. ಒಂದು ದೊಡ್ಡ ಗಿಡವು 15,000ಕ್ಕೂ ಮಿಗಿಲಾಗಿ ಬೀಜಗಳನ್ನು ಉದುರಿಸಬಲ್ಲುದು. ಇದನ್ನು ಹತೋಟಿಗೆ ತರಲು ಮೆಕ್ಸಿಕೋದಿಂದ ತರಿಸಿದ ದುಂಬಿಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದರೆ ಆ ದುಂಬಿ ಎಲೆಗಳನ್ನು ಮೇಯುವುದು ಮಳೆಗಾಲದಲ್ಲಿ. ಮಳೆ ನಿಂತ ಮೇಲೆ ಅದು ಮಣ್ಣಿನೊಳಗೆ ಅಡಗುತ್ತದೆ. ಆದಕಾರಣ ಬನದ ಹುಣ್ಣಿಮೆಯ ಹೊತ್ತಿಗೆ ಮನುಷ್ಯನ ಕೈಯೇ ದುಡಿಯಬೇಕು. ಈ ಗಿಡದಿಂದ ಕೆಲವರಿಗೆ ತುರಿಕೆಯೂ ಉಬ್ಬಸವೂ ಉಂಟಾಗುವುದರಿಂದ ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಬೀಜ ಕಟ್ಟಿದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಾರದು. ಹಾಕಿದರೆ ಗೊಬ್ಬರದೊಡನೆ ಕಸವೂ ಮಡಿಗೆ ಮರಳೀತು.

ಜೇಕಿನ ಸ್ವಭಾವವೇ ಬೇರೆ. ಅದರ ಬಲವಿರುವುದು ನೆಲದೊಳಗಿನ ಗಡ್ಡೆಗಳಲ್ಲಿ. ಮೇಲಿನ ಹುಲ್ಲನ್ನು ಕೊಯ್ದರೆ ಗಡ್ಡೆ ಮತ್ತೆ ಚಿಗುರುತ್ತದೆ. ಗುದ್ದಲಿಯಿಂದ ಸರಪಳಿ ತುಂಡಾದರೆ ಪ್ರತಿಯೊಂದು ಗಡ್ಡೆಯೂ ಹೊಸ ಗಿಡವಾಗುತ್ತದೆ. ಆದರೆ ಮೇಲೆ ಬಂದ ಗಡ್ಡೆಗಳು ಬಿಸಿಲಿನಲ್ಲಿ ಒಣಗಿ ಸಾಯುತ್ತವೆ. ಬೇಸಿಗೆಯಲ್ಲಿ ಗಿಡಗಳಿಲ್ಲದ ಮಡಿಗಳನ್ನು ಅಗೆದು ಬಿಸಿಲಿಗೊಡ್ಡಿ, ಸಿಕ್ಕ ಗಡ್ಡೆಗಳನ್ನು ಆರಿಸಿ ತೆಗೆಯುವುದೇ ಇದಕ್ಕೆ ತಕ್ಕ ಉಪಾಯ.

ಇಷ್ಟಾದರೂ ಕೆಲಸ ಮುಗಿಯಿತೆಂದು ತಿಳಿಯಲಾಗದು. ಅಗೆದಾಗ ಆಳದಲ್ಲಿದ್ದ ಬೀಜಗಳು ಮೇಲೆ ಬಂದಿರುತ್ತವೆ. ಮೊದಲ ಮಳೆಗೆ ಅವು ಮೊಳೆಯುತ್ತವೆ. ಎರಡೆಲೆಯ ಸಸಿಯಾಗಿರುವಾಗಲೇ ಅವನ್ನು ಮೇಲುಮೇಲೆ ಕೆದಕಿ ತೆಗೆದರೆ ಶ್ರಮ ಅಲ್ಪ. ಬೇರೂರಲು ಬಿಟ್ಟರೆ ಶ್ರಮ ಹಲವು ಮಡಿ. ಜಾತ್ರೆ ಮುಗಿಸಿ ಮತ್ತೆ ದುಡಿಮೆಗೆ ಹೊರಡುವವರು ನೆರೆಮನೆಯವರಿಗೆ ಈ ಒಂದು ಕೆಲಸವನ್ನು ಒಪ್ಪಿಸಿ, ಹೂಗಳನ್ನು ಅವರೇ ಕೊಯ್ದುಕೊಳ್ಳಲೆಂದು ಹೇಳಿ ಹೋಗುವುದು ಲೇಸು.

ಮನುಷ್ಯನ ಕೈ ಹಿಂದೆಗೆದೊಡನೆ ತೋಟವು ಬನವಾಗಲು ಹವಣಿಸುತ್ತದೆ. ಅದು ನೆಲದ ಧರ್ಮ. ಆ ಬನದೊಳಗಿಂದ ಹಿರಿಯರು ನೆಟ್ಟುದನ್ನು ಗುರುತಿಸಿ ಉಳಿಸಿಕೊಳ್ಳುವುದು ಮರಳಿ ಬಂದವರ ಧರ್ಮ. ಕುಡುಗೋಲಿನ ಹರಿತಕ್ಕಿಂತ ಕಣ್ಣಿನ ಪರಿಚಯವೂ ಕೈಯ ತಾಳ್ಮೆಯೂ ಇಲ್ಲಿ ಹೆಚ್ಚು ಬೆಲೆಯುಳ್ಳವು.