ಮೌಸ್ ಓಡುತ್ತಿದೆ, ಬಾಣ ಎಲ್ಲಿ?

ವಿರೂಪಾಕ್ಷಿಪುರದ ಕಡೆಯವರು ಕಂಪ್ಯೂಟರ್ ರಿಪೇರಿಗೆ ಚನ್ನಪಟ್ಟಣದ ದಾರಿ ಹಿಡಿಯಬೇಕು. ಸಿಪಿಯು ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಡುವ ಮುನ್ನ ಈ ಅಧ್ಯಾಯ ಓದಿ. ಲಿನಕ್ಸ್ ಹಾಕಿದ ಯಂತ್ರದಲ್ಲಿ ಮೌಸಿನ ಬಾಣ ಕಾಣುತ್ತಿಲ್ಲ ಎಂಬುದಷ್ಟೇ ದೂರಾದರೆ, ಹತ್ತರಲ್ಲಿ ಒಂಬತ್ತು ಸಲ ಆ ಬಸ್ ಚಾರ್ಜು ದಂಡ. ಹೊಸ ಮೌಸ್ ಕೊಳ್ಳುವುದೂ ದಂಡವೇ. ಇನ್ನು ‘ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿಬಿಡೋಣ ಸಾರ್’ ಎನ್ನುವವರ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ.

ಮೌಸ್ ನಿಮ್ಮ ಕೈಯಲ್ಲಿರುವ ವಸ್ತು, ಬಾಣ ಪರದೆಯ ಮೇಲಿನ ಚಿತ್ರ. ನಡುವೆ ಮೂರು ಹಂತಗಳಿವೆ. ಮೌಸಿನ ಅಲುಗಾಟವನ್ನು ಲಿನಕ್ಸಿನ ತಿರುಳಾದ ಕರ್ನೆಲ್ ಮತ್ತು ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ಓದುತ್ತವೆ. ಬಾಣ ಈಗ ಎಲ್ಲಿರಬೇಕು ಎಂಬ ಲೆಕ್ಕವನ್ನು ಹಳೆಯ ಪದ್ಧತಿಯಲ್ಲಿ ಎಕ್ಸ್ ಸರ್ವರ್, ಹೊಸದರಲ್ಲಿ ವೇಲ್ಯಾಂಡ್ ಕಂಪೋಸಿಟರ್ ಇಟ್ಟುಕೊಳ್ಳುತ್ತದೆ. ಅದನ್ನು ಕಣ್ಣಿಗೆ ಕಾಣಿಸುವುದು ಗ್ರಾಫಿಕ್ಸ್ ಚಿಪ್. ಮೊದಲೆರಡು ಸರಿಯಾಗಿದ್ದು ಮೂರನೆಯದು ಮುನಿಸಿಕೊಂಡರೆ ಮೌಸ್ ಓಡುತ್ತಿರುತ್ತದೆ, ಬಾಣ ಮಾತ್ರ ಇರುವುದಿಲ್ಲ.

ಹಾಗಾಗಿ ಮೊದಲ ಪರೀಕ್ಷೆ: ಬಾಣ ಪರದೆಯ ನಡುವಿನಲ್ಲಿರಬಹುದು ಎನ್ನಿಸುವಷ್ಟು ಮೌಸನ್ನು ಸರಿಸಿ ಬಲಗುಂಡಿ ಒತ್ತಿ. ಮೆನು ತೆರೆದುಕೊಂಡಿತೇ? ಹಾಗಿದ್ದರೆ ಮೌಸಿಗೆ ಏನೂ ಆಗಿಲ್ಲ. ತೆರೆಯದಿದ್ದರೆ ಮೌಸಿನ ಕೆಳಗಿನ ಬೆಳಕು, ಯುಎಸ್‌ಬಿ ಕಿಂಡಿ, ಬ್ಯಾಟರಿ ನೋಡಿ. ಅದು ಬೇರೆ ರೋಗ, ಅದಕ್ಕೆ ಬೇರೆ ಮದ್ದು.

ಇಲ್ಲಿಂದ ಮುಂದಿನದು ನನಗೆ ಅತಿ ಪ್ರಿಯವಾದ ಭಾಗ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಹೆಚ್ಚಿನವರು ಬಾಣವನ್ನು ಪರದೆಯ ಚಿತ್ರದ ಒಂದು ಭಾಗ ಎಂದುಕೊಂಡಿರುತ್ತಾರೆ. ಅಲ್ಲ. ಮನೆಯ ದೇವರ ಪಟಕ್ಕೆ ಕುಂಕುಮ ಇಡುತ್ತೇವಲ್ಲ, ಅದು ಕೂರುವುದು ಗಾಜಿನ ಮೇಲೆ, ಒಳಗಿನ ಚಿತ್ರದ ಮೇಲಲ್ಲ. ಎದುರಿಗೆ ನಿಂತವರಿಗೆ ಎರಡೂ ಒಂದಾಗಿ ಕಾಣುತ್ತವೆ, ಒರೆಸಿದರೆ ಚಿತ್ರಕ್ಕೇನೂ ಆಗುವುದಿಲ್ಲ. ಬಾಣದ್ದೂ ಇದೇ ಕಥೆ. ನಿಮ್ಮ ಕಿಟಕಿಗಳು, ಹಿನ್ನೆಲೆ ಚಿತ್ರ, ಅಕ್ಷರಗಳು ಎಲ್ಲ ಸೇರಿ ಒಂದು ದೊಡ್ಡ ಚಿತ್ರವಾಗಿ ಸ್ಮೃತಿಯಲ್ಲಿ ಕೂತಿರುತ್ತವೆ. 1920 ಅಡ್ಡ, 1080 ಉದ್ದದ ಪರದೆಗೆ, ಚುಕ್ಕಿಗೆ 4 ಬೈಟಿನಂತೆ, ಸುಮಾರು 83 ಲಕ್ಷ ಬೈಟು. ಬಾಣಕ್ಕೆ ಪ್ರತ್ಯೇಕವಾದ ಪುಟ್ಟ ಜಾಗ: ಸಾಮಾನ್ಯವಾಗಿ 64ಕ್ಕೆ 64 ಚುಕ್ಕಿ, ಅಂದರೆ 16,384 ಬೈಟು. ಚಿಪ್ಪು ಪರದೆಗೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸುವಾಗ, ದಾರಿಯಲ್ಲೇ ಒಂದರ ಮೇಲೊಂದನ್ನು ಕೂಡಿಸಿ ಕಳಿಸುತ್ತದೆ. ಇದಕ್ಕೆ ಹಾರ್ಡ್‌ವೇರ್ ಕರ್ಸರ್ ಎಂದು ಹೆಸರು.

ಈ ಪಾಡು ಯಾಕೆ? ಬಾಣವನ್ನು ದೊಡ್ಡ ಚಿತ್ರದೊಳಗೇ ಬರೆದರೆ, ಅದು ಒಂದು ಕೂದಲೆಳೆ ಸರಿದಾಗಲೂ ಕೆಳಗಿನ ಚುಕ್ಕಿಗಳನ್ನು ಮೊದಲು ಎತ್ತಿಟ್ಟುಕೊಳ್ಳಬೇಕು, ಬಾಣ ಬರೆಯಬೇಕು, ಅಲ್ಲಿಂದ ಸರಿದ ಮೇಲೆ ಎತ್ತಿಟ್ಟದ್ದನ್ನು ಮರಳಿ ಹಚ್ಚಬೇಕು. ಪ್ರತ್ಯೇಕ ಪದರವಿದ್ದರೆ ಚಿಪ್ಪಿಗೆ ಎರಡೇ ಸಂಖ್ಯೆ ಹೇಳಿದರೆ ಸಾಕು: ಅಡ್ಡ ಎಷ್ಟು, ಉದ್ದ ಎಷ್ಟು. ಬ್ರೌಸರ್ ಉಸಿರುಗಟ್ಟಿ ನಿಂತಾಗಲೂ ಬಾಣ ಮಾತ್ರ ಹಗುರವಾಗಿ ಓಡಾಡುವುದಕ್ಕೆ ಇದೂ ಒಂದು ಕಾರಣ. ಉಪಾಯ ಹೊಸದೇನಲ್ಲ. 1985ರ ಅಮಿಗಾ ಕಂಪ್ಯೂಟರಿನಲ್ಲಿ ಬಾಣ ಒಂದು ಸ್ಪ್ರೈಟ್ ಆಗಿತ್ತು. ವಿಡಿಯೊ ಗೇಮಿನಲ್ಲಿ ಗುಂಡು, ವಿಮಾನಗಳನ್ನು ಹಾರಿಸುವ ಸರ್ಕೀಟಿನಿಂದಲೇ ಬಾಣವನ್ನೂ ಹಾರಿಸಿದ್ದರು. ಎಂಥ ಚೆಂದದ ಜಿಪುಣತನ!

ಈ ಜಿಪುಣತನದ ಬೆಲೆಯೇ ನಮ್ಮ ಇಂದಿನ ರೋಗ. ಪದರ ಪ್ರತ್ಯೇಕವಾದ್ದರಿಂದ ಅದೊಂದೇ ಕೆಡಬಹುದು. ಯಂತ್ರ ನಿದ್ರೆಯಿಂದ ಎದ್ದಾಗ, ಎರಡನೆಯ ಮಾನಿಟರ್ ಚುಚ್ಚಿ ಕಿತ್ತಾಗ, ಡ್ರೈವರ್ ಹೊಸದಾದಾಗ, ದೊಡ್ಡ ಚಿತ್ರ ಮರಳಿ ಬಂದರೂ ಬಾಣದ ಪುಟ್ಟ ಚಿತ್ರವನ್ನು ಚಿಪ್ಪಿಗೆ ಮತ್ತೆ ಕಳಿಸುವುದು ತಪ್ಪಿಹೋಗಬಹುದು.

ಹಾಗಾದರೆ ಕೆಟ್ಟದ್ದು ಪದರವೋ ಮತ್ತೊಂದೋ ಎಂದು ತಿಳಿಯುವುದು ಹೇಗೆ? ಗ್ನೋಮ್ ಡೆಸ್ಕ್‌ಟಾಪಿನ 42 ಅಥವಾ ಮುಂದಿನ ಆವೃತ್ತಿಯಿದ್ದರೆ ಪ್ರಿಂಟ್‌ಸ್ಕ್ರೀನ್ ಕೀಲಿ ಒತ್ತಿ. ಅಲ್ಲಿ ‘ಬಾಣವನ್ನೂ ತೋರಿಸು’ ಎಂಬ ಆಯ್ಕೆ ಇರುತ್ತದೆ, ಅದನ್ನು ಹಾಕಿ ಪರದೆಯ ಚಿತ್ರ ತೆಗೆಯಿರಿ. ಈ ಚಿತ್ರವನ್ನು ಸಿದ್ಧಪಡಿಸುವುದು ಕಂಪೋಸಿಟರ್. ಬಾಣ ಎಲ್ಲಿದೆ, ಹೇಗಿದೆ ಎಂಬುದು ಅದಕ್ಕೆ ಗೊತ್ತು, ಹಾಗಾಗಿ ತಾನೇ ಬರೆದು ಸೇರಿಸುತ್ತದೆ. ತೆಗೆದ ಚಿತ್ರದಲ್ಲಿ ಬಾಣವಿದ್ದು ನಿಮ್ಮ ಕಣ್ಣೆದುರಿನ ಪರದೆಯಲ್ಲಿ ಇಲ್ಲದಿದ್ದರೆ, ತಪ್ಪು ಚಿಪ್ಪಿನ ಪದರದ್ದು ಅಥವಾ ಅದರ ಡ್ರೈವರಿನದು. ಚಿತ್ರದಲ್ಲೂ ಇಲ್ಲದಿದ್ದರೆ ಬಾಣದ ಥೀಮ್ ಹಾಳಾಗಿದೆ, ಇಲ್ಲವೇ ಯಾವುದೋ ತಂತ್ರಾಂಶ ಅದನ್ನು ಬೇಕೆಂದೇ ಮುಚ್ಚಿಟ್ಟಿದೆ. ಇದೊಂದು ಪರೀಕ್ಷೆ ಅರ್ಧ ದಿನದ ತಡಕಾಟ ಉಳಿಸುತ್ತದೆ. ಇನ್ನೊಂದು ದಾರಿ: ಗ್ನೋಮ್‌ನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ‘ಲೋಕೇಟ್ ಪಾಯಿಂಟರ್’ ಹಾಕಿಕೊಂಡರೆ, ಕಂಟ್ರೋಲ್ ಕೀಲಿ ಒತ್ತಿದಾಗ ಬಾಣವಿರುವಲ್ಲಿ ಅಲೆಗಳು ಎದ್ದು ಮಾಯವಾಗುತ್ತವೆ. ಆ ಅಲೆ ದೊಡ್ಡ ಚಿತ್ರದಲ್ಲಿ ಮೂಡುವುದರಿಂದ ಬಾಣ ಕಾಣದಿದ್ದರೂ ಅಲೆ ಕಾಣುತ್ತದೆ.

ಪದರದ ತಪ್ಪಾದರೆ ಮೊದಲ ಮದ್ದು ಕೀಬೋರ್ಡಿನಲ್ಲೇ ಇದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಲಾಗಿನ್ ಕೇಳುತ್ತದೆ. ಗಾಬರಿಯಾಗಬೇಡಿ, ನಿಮ್ಮ ಕಡತಗಳೆಲ್ಲ ಇದ್ದಲ್ಲೇ ಇವೆ. ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಮರಳಿ. ಕೆಲವು ಯಂತ್ರಗಳಲ್ಲಿ ಅದು ಎಫ್1, ಹಳೆಯವುಗಳಲ್ಲಿ ಎಫ್7. ಹೋಗಿ ಬರುವಷ್ಟರಲ್ಲಿ ಡೆಸ್ಕ್‌ಟಾಪ್ ಪರದೆಯನ್ನು ಬಿಟ್ಟುಕೊಟ್ಟು ಮತ್ತೆ ವಶಕ್ಕೆ ಪಡೆಯುತ್ತದೆ, ಬಾಣದ ಚಿತ್ರವನ್ನು ಹೊಸದಾಗಿ ಚಿಪ್ಪಿಗೆ ಕಳಿಸುತ್ತದೆ. ನೋಡುವವರಿಗೆ ಮಂತ್ರ ಹಾಕಿದ ಹಾಗೆ, ಆದರೆ ನಡೆದದ್ದು ಇಷ್ಟೇ.

ಪದೇ ಪದೇ ಮರುಕಳಿಸಿದರೆ ಹಾರ್ಡ್‌ವೇರ್ ಪದರದ ಸಹವಾಸವೇ ಬೇಡವೆಂದು ಡೆಸ್ಕ್‌ಟಾಪಿಗೆ ಹೇಳಬಹುದು. ಎಕ್ಸ್ ಇರುವಲ್ಲಿ ಸೆಟ್ಟಿಂಗ್ ಕಡತದ ‘ಡಿವೈಸ್’ ವಿಭಾಗದಲ್ಲಿ ‘ಎಸ್‌ಡಬ್ಲ್ಯೂಕರ್ಸರ್’ ಆಯ್ಕೆಗೆ ‘ಟ್ರೂ’ ಎಂದು ಬರೆಯುತ್ತಾರೆ. ಕೆಡಿಇ, ಗ್ನೋಮ್, ಸ್ವೇ ಮುಂತಾದವುಗಳಿಗೂ ಇದೇ ಕೆಲಸದ ತಂತಮ್ಮ ಪರಿಸರ ಚರಗಳಿವೆ (ಎನ್ವಿರಾನ್ಮೆಂಟ್ ವೇರಿಯಬಲ್). ಬಾಣ ಆಗ ದೊಡ್ಡ ಚಿತ್ರದಲ್ಲೇ ಮೂಡುತ್ತದೆ. ಹಳೆಯ ಯಂತ್ರದಲ್ಲಿ ಸ್ವಲ್ಪ ತಡವರಿಸಬಹುದು, ಕಾಣುವುದಂತೂ ಕಾಣುತ್ತದೆ. ಇದನ್ನು ಶಾಶ್ವತ ಪರಿಹಾರ ಎಂದುಕೊಂಡು ಡ್ರೈವರಿನ ದೋಷವನ್ನು ಮರೆಯುವುದು ನನಗೆ ಒಪ್ಪಿಗೆಯಿಲ್ಲ, ಆದರೆ ನಾಳೆ ಬೆಳಿಗ್ಗೆ ಪಾಠ ಮಾಡಬೇಕಾದವರಿಗೆ ಇದೇ ಸರಿ.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಬಲಗುಂಡಿ ಒತ್ತಿದರೂ ಏನೂ ಆಗದೆ, ಮೌಸನ್ನು ಎಡಕ್ಕೆ ಬಹಳ ದೂರ ಎಳೆದಾಗ ಬಾಣ ಬಲ ಅಂಚಿನಿಂದ ನುಸುಳಿ ಬಂದರೆ, ಯಂತ್ರ ಇಲ್ಲದ ಎರಡನೆಯ ಮಾನಿಟರನ್ನು ಇದೆ ಎಂದು ನಂಬಿದೆ. ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಪಿ ಒಟ್ಟಿಗೆ ಒತ್ತಿ ಪರದೆಯ ಜೋಡಣೆ ಬದಲಿಸಿ. ಸುಮ್ಮನೆ ಬಿಟ್ಟಾಗ ಮಾತ್ರ ಮರೆಯಾಗಿ ಅಲುಗಿಸಿದರೆ ಬರುವುದಾದರೆ ‘ಅನ್‌ಕ್ಲಟರ್’ ಎಂಬ ಪುಟ್ಟ ತಂತ್ರಾಂಶವನ್ನು ಯಾರೋ ಹಾಕಿರಬಹುದು. ಅದರ ಕೆಲಸವೇ ಅದು. ವರ್ಚುವಲ್‌ಬಾಕ್ಸ್ ಒಳಗಿನ ಲಿನಕ್ಸ್ ಆದರೆ ‘ಮೌಸ್ ಇಂಟಿಗ್ರೇಶನ್’ ತೆಗೆದು ನೋಡಿ. ಒಂದೇ ತಂತ್ರಾಂಶದ ಕಿಟಕಿಯ ಮೇಲೆ ಮಾತ್ರ ಮಾಯವಾಗುತ್ತಿದ್ದರೆ ಬಾಣದ ಥೀಮ್ ಬದಲಿಸಿ, ಅದರಲ್ಲಿ ಆ ಆಕಾರ ಇಲ್ಲದಿರಬಹುದು. ಲಾಗಿನ್ ಪರದೆಯ ಹಲ್ಲಿನ ಚಕ್ರದಲ್ಲಿ ವೇಲ್ಯಾಂಡ್ ಬದಲು ಎಕ್ಸ್ ಆರಿಸಿ ನೋಡುವ ಹಳೆಯ ಉಪಾಯ ಉಬುಂಟು 25.10ರಲ್ಲಿ ನಡೆಯದು, ಅಲ್ಲಿ ಗ್ನೋಮ್‌ಗೆ ವೇಲ್ಯಾಂಡ್ ಒಂದೇ.

ಇಷ್ಟೆಲ್ಲ ಮಾಡುವಾಗ ಬಾಣವಿಲ್ಲದೆ ಕೀಬೋರ್ಡಿನಲ್ಲೇ ಓಡಾಡಲು ಬರಬೇಕು. ಸೂಪರ್ ಕೀಲಿ ಒತ್ತಿ ಹೆಸರು ಟೈಪಿಸಿದರೆ ಬೇಕಾದದ್ದು ತೆರೆಯುತ್ತದೆ, ಟ್ಯಾಬ್ ಮುಂದಕ್ಕೆ ಒಯ್ಯುತ್ತದೆ, ಎಂಟರ್ ಒಪ್ಪುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲೇ ಐಟಿ ಪಾಠ ಕಲಿಯುತ್ತಾರೆ, ಎಸ್ಸೆಸ್ಸೆಲ್ಸಿಯಲ್ಲಿ ಅದರ ಪರೀಕ್ಷೆಯೂ ಇದೆ. ಅಂಥ ಲ್ಯಾಬ್ ಇರುವ ಶಾಲೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಮೌಸ್ ಕಿತ್ತಿಟ್ಟು ತರಗತಿ ನಡೆಸಬೇಕು ಎಂಬುದು ನನ್ನ ಹಳೆಯ ಹಟ.

ಮುಂದೆ ಓದಬೇಕೆನ್ನುವವರಿಗೆ ಒಂದು ಬೇಡಿಕೆ. ‘ಡಿಆರ್‌ಎಂ ಇನ್ಫೊ’ ಎಂಬ ಚಿಕ್ಕ ಸಾಧನ ಹಾಕಿಕೊಂಡು ಟರ್ಮಿನಲ್ಲಿನಲ್ಲಿ ನಡೆಸಿ. ನಿಮ್ಮದೇ ಚಿಪ್ಪಿನ ಪದರಗಳ ಉದ್ದ ಪಟ್ಟಿ ಬರುತ್ತದೆ: ಪ್ರೈಮರಿ, ಓವರ್‌ಲೇ, ಕರ್ಸರ್. ಅದರಲ್ಲಿ ಕರ್ಸರ್ ಪದರವನ್ನು ಹುಡುಕಿ. ಅದು ಯಾವ ಪರದೆಗೆ ಅಂಟಿಕೊಂಡಿದೆ, ಅದಕ್ಕೆ ಚಿತ್ರ ಸಿಕ್ಕಿದೆಯೋ ಇಲ್ಲವೋ ಎಂಬುದು ಅಲ್ಲೇ ಬರೆದಿರುತ್ತದೆ. ಬಾಣ ಇದ್ದಾಗ ಒಮ್ಮೆ ಓದಿಟ್ಟುಕೊಳ್ಳಿ, ಮಾಯವಾದಾಗ ಇನ್ನೊಮ್ಮೆ ಓದಿ, ಎರಡನ್ನೂ ಡ್ರೈವರ್ ಬರೆಯುವವರಿಗೆ ಕಳಿಸಿ.