ಪೊರೆ ಹೋಯಿತು, ಮಬ್ಬೇಕೆ ಉಳಿಯಿತು?

“ಆಪರೇಷನ್ ಆಗಿ ಎರಡು ತಿಂಗಳಾತು, ಇನ್ನಾ ಮಬ್ಬು ಮಬ್ಬೇ ಕಾಣ್ತದ!”

ಸಗರದ ಕಟ್ಟೆಯಾಗಲಿ, ಶಹಾಪುರದ ಬಸ್ ಸ್ಟ್ಯಾಂಡಾಗಲಿ, ಹಿರಿಯರ ಬಾಯಲ್ಲಿ ಈ ಮಾತು ಹೊಸದಲ್ಲ. ಪಕ್ಕದವರು ಸುಮ್ಮನಿರುತ್ತಾರೆಯೇ? “ಡಾಕ್ಟ್ರು ಕೆಡಿಸ್ಯಾರ ಬಿಡ್ರಿ ಕಾಕಾ” ಎಂದು ತೀರ್ಪು ಕೊಟ್ಟೇ ಬಿಡುತ್ತಾರೆ. ಕಾಕಾ ಎರಡನೆಯ ಕಣ್ಣಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಕಡೆಗೆ ಅದೂ ಹೋಗುತ್ತದೆ, ಪಾಪ!

ಪೊರೆ ತೆಗೆಯುವುದೆಂದರೆ ಕಂದೀಲಿನ ಮಸಿ ಹಿಡಿದ ಗಾಜು ಬದಲಿಸಿದಂತೆ. ಗಾಜು ಹೊಸದಾಯಿತು, ಸರಿ. ಒಳಗಿನ ಬತ್ತಿಯೇ ಸುಟ್ಟಿದ್ದರೆ? ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿರಬಹುದು. ಗ್ಲಾಕೋಮಾದ ಒತ್ತಡಕ್ಕೆ ನರ ಸತ್ತಿರಬಹುದು. ರಾಶಿ ಮಾಡುವಾಗ ಜೋಳದ ಸೊಪ್ಪೆ ಚುಚ್ಚಿ, ಅದರ ಮೇಲೆ ಯಾವುದೋ ಸೊಪ್ಪಿನ ರಸ ಹಿಂಡಿಸಿಕೊಂಡು ಕಣ್ಣಲ್ಲಿ ಹೂ ಬಿದ್ದವರೂ ಉಂಟು. ಪೊರೆ ದಟ್ಟವಾಗಿದ್ದರೆ ಡಾಕ್ಟರಿಗೂ ಒಳಗಿನದು ಪೂರ್ತಿ ಕಾಣದು.

“ಹಣ್ಣಾಗ್ಲಿ ತಡೀರಿ” ಎಂಬುದು ಹಳೇ ಕಾಲದ ಸಲಹೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾವಿರಾರು ಮಂದಿಗೆ ಕಣ್ಣು ಕೊಟ್ಟ ದಿನಗಳಲ್ಲಿ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಚಷ್ಮಾವೇ ಗತಿ. ಅದು ಒಡೆಯಿತೋ, ಮನುಷ್ಯ ಮತ್ತೆ ಕುರುಡ! ಕಣ್ಣೊಳಗೆ ಲೆನ್ಸ್ ಕೂಡಿಸುವುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ತೋರಿಸಿದ್ದರೂ ನಮ್ಮ ಬಡವರಿಗೆ ಅದು ದಕ್ಕಲು ದಶಕಗಳೇ ಬೇಕಾದವು. ಈಗ ಹಣ್ಣಾಗುವತನಕ ಕಾಯಬೇಕಿಲ್ಲ. ತೊಗರಿ ರಾಶಿ ಮುಗೀಲಿ, ಮಗಳ ಲಗ್ನ ಆಗ್ಲಿ ಎಂದು ವರ್ಷಗಟ್ಟಲೆ ತಳ್ಳಿದರೆ ಅತಿಯಾಗಿ ಬಲಿತ ಪೊರೆ ಉಬ್ಬಿ ಅಥವಾ ಸೋರಿ ಕಣ್ಣಿನ ಒತ್ತಡ ಏರುತ್ತದೆ, ನರ ಕೆಡುತ್ತದೆ. ಆಮೇಲೆ ಎಂಥ ಲೆನ್ಸ್ ಹಾಕಿದರೇನು? ಬೇಸಿಗೆಯಲ್ಲಿ ಬೇಡ ಎಂಬುದಕ್ಕೂ ಈಗ ಅರ್ಥವಿಲ್ಲ.

ಅರ್ಧ ಕೆಲಸ ಆಪರೇಷನ್ ಆದ ಮೇಲಿನದು. ನಾಲ್ಕು ದಿನ ಹನಿ ಹಾಕಿ “ಆರಾಮ ಆಯ್ತು” ಎಂದು ಬಾಟಲಿ ಮೂಲೆಗೆಸೆಯುವವರೇ ಬಹಳ. ಹೇಳಿದಷ್ಟು ವಾರ ಹನಿ ಬೀಳಲೇಬೇಕು. ಕಣ್ಣು ತಿಕ್ಕಬಾರದು, ಹೊಲದ ದೂಳು, ಕೊಳಕು ನೀರು ತಾಗಬಾರದು. ನೋವು ಹೆಚ್ಚಿ, ಕಣ್ಣು ಕೆಂಪಾಗಿ, ಬಂದ ನೋಟ ಮತ್ತೆ ಇಳಿಯತೊಡಗಿದರೆ ಅದು ಒಳಗೆ ಕೀವಿನ ಸೂಚನೆ ಇರಬಹುದು. ನಾಳೆಯ ಬಸ್ಸಿಗೆ ಕಾಯುವಂತಿಲ್ಲ. ಅಂದೇ ಹೊರಡಬೇಕು, ಗಂಟೆಗಳ ಮೇಲೆ ಕಣ್ಣು ನಿಂತಿರುತ್ತದೆ.

ತಿಂಗಳು, ವರ್ಷ ಕಳೆದ ಮೇಲೆ ಮೆಲ್ಲಗೆ ಮಬ್ಬಾಯಿತೇ? “ಪೊರೆ ಮತ್ತೆ ಬೆಳೀತು” ಎನ್ನುತ್ತಾರೆ. ಹಾಗಲ್ಲ. ಲೆನ್ಸಿನ ಹಿಂದೆ ಉಳಿಸಿದ ತೆಳು ಪದರ ಮಸುಕಾಗಿರುತ್ತದೆ. ಕತ್ತರಿ ಚಾಕು ಇಲ್ಲದೆ, ಲೇಸರಿನಿಂದ ಕೆಲವೇ ನಿಮಿಷದ ಕೆಲಸ.

ಇನ್ನು ಕಟ್ಟೆಯ ಮೇಲಿನ ಕಾಕಾ. ಗಾಯ ಮಾಗಿದ ಮೇಲೆ, ಸುಮಾರು ತಿಂಗಳು ಒಂದೂವರೆ ತಿಂಗಳಿಗೆ, ಮತ್ತೊಮ್ಮೆ ಹೋಗಿ ನಂಬರ್ ತೆಗೆಸಬೇಕು. ಎಷ್ಟೋ ಸಲ ಉಳಿದ ಮಬ್ಬಿಗೆ ಮದ್ದು ಅಷ್ಟೇ.

“ಕಾಕಾ, ಚಷ್ಮಾ ನಂಬರ್ ತೆಗೆಸೀರೇನ್ರಿ?”

“ಎಲ್ಲೀದೋ ತಮ್ಮಾ! ಆಪರೇಷನ್ ಆತಲ್ಲ, ಮತ್ಯಾಕ ಚಷ್ಮಾ?”