ಹಳೆಯ ಮೇನ್ ಸ್ವಿಚ್ಚು ಇನ್ನೂ ಬೇಕೆ?

ಮನೆಯ ವೈರಿಂಗನ್ನು ಹೊಸದಾಗಿ ಮಾಡಿಸಿದ್ದೀರಿ. ಬಿಳಿಯ ಪೆಟ್ಟಿಗೆಯಲ್ಲಿ ಎಂ.ಸಿ.ಬಿ.ಗಳು ಸಾಲಾಗಿ ಕುಳಿತಿವೆ. ಮೀಟರಿನ ಬಳಿ ಮಾತ್ರ ತಂದೆಯವರ ಕಾಲದ ಕಬ್ಬಿಣದ ಮೇನ್ ಸ್ವಿಚ್ಚು, ಪಿಂಗಾಣಿಯ ಫ್ಯೂಸುಗಳ ಸಮೇತ, ಹಾಗೆಯೇ ಉಳಿದಿದೆ. ಅದನ್ನು ತೆಗೆಸಿಬಿಡಬಹುದೆ? ವಯಸ್ಸನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು; ಅದು ಮಾಡುವ ಕೆಲಸವನ್ನು ನೋಡಿ ಹೇಳಬೇಕು.

ಆ ಪೆಟ್ಟಿಗೆಯ ಕೆಲಸಗಳು ಎರಡು. ವಿದ್ಯುತ್ತು ಮಿತಿಮೀರಿ ಹರಿದಾಗ ಫ್ಯೂಸಿನ ತಂತಿ ಕರಗಿ ಮನೆಯ ವೈರುಗಳನ್ನು ಉಳಿಸುತ್ತಿತ್ತು. ಈ ಕೆಲಸ ಈಗ ಎಂ.ಸಿ.ಬಿ.ಯ ಪಾಲಿನದು. ಎರಡನೆಯ ಕೆಲಸ ಮನೆಯನ್ನು ಸರಬರಾಜಿನಿಂದ ಬೇರ್ಪಡಿಸುವುದು. ಸ್ವಿಚ್ಚಿನ ಹಿಡಿಯನ್ನು ತಿರುಗಿಸಿದರೆ ಫೇಸ್, ನ್ಯೂಟ್ರಲ್ ಎರಡೂ ಒಮ್ಮೆಗೇ ಕಡಿಯುತ್ತಿದ್ದವು.

ಕೆರೆಯ ಕೆಳಗಿನ ಗದ್ದೆಗಳನ್ನು ನೆನೆದುಕೊಳ್ಳಿ. ಒಂದೊಂದು ಗದ್ದೆಗೂ ಮಡೆ ಕಟ್ಟಬಹುದು. ಕಾಲುವೆಯನ್ನೇ ರಿಪೇರಿ ಮಾಡಬೇಕಾದರೆ ಮಾತ್ರ ಏರಿಯ ತೂಬನ್ನು ಮುಚ್ಚಲೇಬೇಕು. ಎಂ.ಸಿ.ಬಿ. ಮಡೆಯಂತೆ, ಮೇನ್ ಸ್ವಿಚ್ಚು ತೂಬಿನಂತೆ. ಸಾಮಾನ್ಯವಾದ ಸಿಂಗಲ್ ಪೋಲ್ ಎಂ.ಸಿ.ಬಿ. ಫೇಸನ್ನು ಮಾತ್ರ ಕಡಿಯುತ್ತದೆ. ಹಿಂದೆ ಯಾರೋ ಎರಡು ತಂತಿಗಳನ್ನೂ ಅದಲುಬದಲು ಮಾಡಿದ್ದರೆ, ಅದನ್ನು ಆರಿಸಿದ ಮೇಲೂ ವೈರಿನಲ್ಲಿ 230 ವೋಲ್ಟ್ ಉಳಿದಿರುತ್ತದೆ.

ಆದುದರಿಂದ ಮೊದಲು ಹೊಸ ಪೆಟ್ಟಿಗೆಯನ್ನು ನೋಡಿ. ಅದರ ತಲೆಯಲ್ಲಿ ಎರಡು ತಂತಿಗಳನ್ನೂ ಕಡಿಯುವ ಡಬಲ್ ಪೋಲ್ ಐಸೊಲೇಟರ್ ಇದ್ದು, ಪೆಟ್ಟಿಗೆಯೂ ಮೀಟರಿನ ಪಕ್ಕದಲ್ಲೇ ಇದ್ದರೆ, ಹಳೆಯದು ಬೇಕಿಲ್ಲ. ಪೆಟ್ಟಿಗೆ ಒಳಮನೆಯಲ್ಲೋ ಮಹಡಿಯಲ್ಲೋ ಇದ್ದರೆ, ಅಲ್ಲಿಯವರೆಗಿನ ಕೇಬಲ್ಲನ್ನು ಕಡಿಯಲು ಮೀಟರಿನ ಬಳಿ ಒಂದು ಸ್ವಿಚ್ಚು ಬೇಕೇ ಬೇಕು. ಆದರೆ ಹಳೆಯದೇ ಆಗಬೇಕೆಂದಿಲ್ಲ.

ಹಳೆಯದನ್ನು ಉಳಿಸುವುದಾದರೆ ಒಂದು ದೋಷವನ್ನು ತಪ್ಪದೆ ಪರೀಕ್ಷಿಸಿರಿ. ಕೆಲವು ಪೆಟ್ಟಿಗೆಗಳಲ್ಲಿ ನ್ಯೂಟ್ರಲಿಗೂ ಫ್ಯೂಸು ಇರುತ್ತದೆ. ಅದೊಂದೇ ಸುಟ್ಟರೆ ದೀಪಗಳು ಆರುತ್ತವೆ. ಕರೆಂಟು ಹೋಯಿತೆಂದು ತಿಳಿದು ಕೈಯಿಟ್ಟವರಿಗೆ ಫೇಸ್ ಕಾದಿರುತ್ತದೆ. ಭೂಮಿಗೆ ಸೇರಿಸಿದ ನ್ಯೂಟ್ರಲಿನಲ್ಲಿ ಫ್ಯೂಸು ಕೂಡದೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳೇ ವಿಧಿಸಿದ್ದವು. ಸಡಿಲವಾದ, ಕಪ್ಪಾದ ಸಂಪರ್ಕಗಳಿದ್ದರೆ ಆ ಪೆಟ್ಟಿಗೆಯನ್ನು ಬದಲಾಯಿಸುವುದೇ ಲೇಸು.

ಇನ್ನೆರಡು ಮಾತು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಸೋರಿಕೆಯ ಆಘಾತದಿಂದ ಕಾಪಾಡುತ್ತದೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಯದು. ಮನೆಯಲ್ಲಿ ಇನ್ವರ್ಟರ್ ಇದ್ದರೆ, ಮೇನ್ ಆರಿಸಿದ ಮೇಲೂ ಅದರ ದೀಪಗಳ ವೈರಿನಲ್ಲಿ ಪ್ರಾಣ ಇರುತ್ತದೆ. ಅದನ್ನು ಬೇರೆಯಾಗಿ ಆರಿಸಬೇಕು.

ಮೀಟರಿನ ಮೊಹರನ್ನು ನೀವು ಮುಟ್ಟಬೇಡಿ. ಕೆಲಸವನ್ನು ಪರವಾನಗಿಯುಳ್ಳವರಿಗೇ ಒಪ್ಪಿಸಿ. ನೀವು ಮಾಡಬೇಕಾದುದು ಇಷ್ಟೆ: ಇಡೀ ಮನೆಯನ್ನು ಕಡಿಯುವ ಸ್ವಿಚ್ಚಿನ ಮೇಲೆ ಹೆಸರು ಬರೆದು, ಅದರ ಮುಂದೆ ಸಾಮಾನು ಪೇರಿಸದೆ, ಅದು ಎಲ್ಲಿದೆಯೆಂದು ಮನೆಯ ಹಿರಿಯರಿಗೂ ಮಕ್ಕಳಿಗೂ ಇಂದೇ ತೋರಿಸಿಡಿ.